ಗಂಜಿಬೇಕಾನೀರ್ಬೇಕಾ?

ಮೈಸೂರಿನ ಗೋಕುಲಂ ಕಡೆ ಯೋಗ ಕಲಿಯಲು ಬಂದ ವಿದೇಶಿಯರು ಎಳನೀರು ಗಾಡಿ ಮುಂದೆ ನಿಂತಿರುವುದು ಮಾಮೂಲಿ ನೋಟ. ಮಾರುವವರ ಪ್ರಶ್ನೆಯೂ ಮಾಮೂಲಿ: "ಗಂಜಿ ಬೇಕಾ, ನೀರ್ ಬೇಕಾ?" ನಮಗೆ ಇದು ನಾಲ್ಕು ಪದ. ಊರಿಗೆ ಹೊಸದಾಗಿ ಬಂದವರಿಗೆ ಅಲ್ಲಿ ಪದವೇ ಇಲ್ಲ. ಒಂದು ಉದ್ದನೆಯ ಸದ್ದು ಬಂತು, ಹೋಯಿತು, ಅಷ್ಟೆ.

ತಮಾಷೆ ಅಂದರೆ, ಅವರ ಕಿವಿಗೆ ಕೇಳಿಸಿದ್ದೇ ಹೆಚ್ಚು ನಿಜ. ಪದದಿಂದ ಪದಕ್ಕೆ ಜಾಗ ಬಿಡುವುದು ಕಾಗದದ ಮೇಲಿನ ಪದ್ಧತಿ. ಬಾಯಿಗೆ ಆ ಅಭ್ಯಾಸವಿಲ್ಲ. "ಅಕ್ಕ ಎಲ್ಲಿ?" ಅಂತ ಮೊಬೈಲಿನಲ್ಲಿ ರೆಕಾರ್ಡ್ ಮಾಡಿ, ಕಂಪ್ಯೂಟರಿನಲ್ಲಿ ಅದರ ಅಲೆಯ ಚಿತ್ರ ನೋಡಿ. ಧ್ವನಿ ಅಧ್ಯಯನ ಮಾಡುವವರು ಬಳಸುವ ಪ್ರಾಟ್ ಎಂಬ ತಂತ್ರಾಂಶ ಉಚಿತವಾಗಿಯೇ ಸಿಗುತ್ತದೆ. ಅಲೆ ಒಂದು ಕಡೆ ಸಪಾಟಾಗಿ ಮಲಗಿರುತ್ತದೆ, ಅಂದರೆ ಅಲ್ಲಿ ಮೌನ. ಆದರೆ ಅದು ಎರಡು ಪದಗಳ ನಡುವೆ ಇಲ್ಲ! "ಅಕ್ಕ"ದ ಹೊಟ್ಟೆಯೊಳಗೆ, "ಕ್ಕ" ಬರುವ ಜಾಗದಲ್ಲಿದೆ. ನಾಲಿಗೆಯ ಹಿಂಭಾಗ ಮೇಲಕ್ಕೆ ಒತ್ತಿಕೊಂಡು ಉಸಿರನ್ನು ಒಂದು ಗಳಿಗೆ ತಡೆಯುತ್ತದೆ, ಅದಕ್ಕೇ ಸದ್ದು ನಿಲ್ಲುತ್ತದೆ. "ಅಕ್ಕ" ಮುಗಿದು "ಎಲ್ಲಿ" ಶುರುವಾಗುವ ಕಡೆ ಏನೂ ಇಲ್ಲ, "ಅಕ್ಕೆಲ್ಲಿ" ಎಂದು ಸಲೀಸಾಗಿ ಹರಿದುಬಿಡುತ್ತದೆ. ಮೌನವನ್ನು ನಂಬಿ ಕತ್ತರಿಸಲು ಹೊರಟವರಿಗೆ "ಅ" ಒಂದು ಪದ, "ಕ್ಕೆಲ್ಲಿ" ಇನ್ನೊಂದು ಪದ.

ಗೊತ್ತಿಲ್ಲದ ಭಾಷೆಯವರೆಲ್ಲ ಬಡಬಡ ಮಾತಾಡುತ್ತಾರೆ ಅನ್ನಿಸುವುದಕ್ಕೂ ಇದೇ ಒಂದು ಮುಖ್ಯ ಕಾರಣ. ಭಾಷೆಗಳ ವೇಗದಲ್ಲಿ ವ್ಯತ್ಯಾಸ ಇಲ್ಲವೆಂದಲ್ಲ. 2019ರಲ್ಲಿ 17 ಭಾಷೆಗಳನ್ನು ಅಳೆದು ನೋಡಿದ ಅಧ್ಯಯನವೊಂದು ಬಂತು. ಜಪಾನಿಯವರು ಸೆಕೆಂಡಿಗೆ ಉರುಳಿಸುವ ಅಕ್ಷರ ಜಾಸ್ತಿ, ವಿಯೆಟ್ನಾಮಿಯವರದು ಕಡಿಮೆ. ಆದರೆ ಜಪಾನಿಯ ಒಂದೊಂದು ಅಕ್ಷರ ಹೊರುವ ಮಾಹಿತಿಯೂ ಕಡಿಮೆ. ಲೆಕ್ಕ ಹಾಕಿದರೆ ಎಲ್ಲ ಭಾಷೆಗಳೂ ಸೆಕೆಂಡಿಗೆ ಸುಮಾರು 39 ಬಿಟ್ (ಮಾಹಿತಿ ಅಳೆಯುವ ಮಾನ) ಆಸುಪಾಸಿನಲ್ಲೇ ನಿಲ್ಲುತ್ತವೆ.

ಹಾಗಾದರೆ ಪದಗಳನ್ನು ಬಿಡಿಸಿಕೊಳ್ಳುವುದು ಹೇಗೆ? ಎಳನೀರಿನ ಪ್ರಶ್ನೆಯನ್ನೇ ಇನ್ನೊಮ್ಮೆ ಕೇಳಿ. "ಬೇ" ಬಂದಾಗಲೆಲ್ಲ ಹಿಂದೆಯೇ "ಕಾ" ಬರುತ್ತದೆ. "ಕಾ" ಆದಮೇಲೆ ಮಾತ್ರ ಏನು ಬೇಕಾದರೂ ಬರಬಹುದು. ಇನ್ನೊಂದು ಗಾಡಿಯಲ್ಲಿ "ಒಂದ್ ಬೇಕಾ, ಎರಡ್ ಬೇಕಾ", ಹೋಟೆಲಿನಲ್ಲಿ "ಚಟ್ನಿ ಬೇಕಾ". ಸುಮ್ನೆ ಕೇಳುತ್ತಿದ್ದರೂ "ಬೇಕಾ" ಒಂದು ಗಟ್ಟಿ ತುಂಡಾಗಿ ಕಳಚಿಕೊಳ್ಳುತ್ತದೆ, ಅರ್ಥ ಆಮೇಲೆ. 1996ರಲ್ಲಿ ಜೆನ್ನಿ ಸ್ಯಾಫ್ರನ್ ಮತ್ತು ಸಂಗಡಿಗರು ಅಮೆರಿಕದಲ್ಲಿ 8 ತಿಂಗಳ ಕೂಸುಗಳ ಮೇಲೆ ಇದನ್ನು ಪರೀಕ್ಷಿಸಿದರು. ಅರ್ಥವಿಲ್ಲದ, ಮೂರಕ್ಷರದ ಕೃತಕ ಪದಗಳನ್ನು ಎಲ್ಲೂ ನಿಲ್ಲಿಸದೆ, ಒಂದೇ ದನಿಯಲ್ಲಿ, ಎರಡೇ ನಿಮಿಷ ಕೇಳಿಸಿದರು. ಅಷ್ಟಕ್ಕೇ ಕೂಸುಗಳು ಯಾವ ಅಕ್ಷರದ ಬೆನ್ನಿಗೆ ಯಾವುದು ಬರುತ್ತದೆಂದು ಹಿಡಿದುಬಿಟ್ಟಿದ್ದವು. ಮಾತು ಬಾರದ ಕೂಸು ಸಂಖ್ಯಾಶಾಸ್ತ್ರ ಮಾಡುತ್ತದೆ ಅಂದರೆ ನಂಬುವುದು ಕಷ್ಟ ಅಲ್ವಾ?

ಪದ ಬಿಡಿಸಿದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಬೇರೆ ಭಾಷೆ ನಮ್ಮ ಕಿವಿಗೆ ನೇರವಾಗಿ ಬರುವುದೇ ಇಲ್ಲ, ನಮ್ಮ ಭಾಷೆಯ ಜರಡಿಯಲ್ಲಿ ಸೋಸಿಕೊಂಡು ಬರುತ್ತದೆ. ಈ ಹೋಲಿಕೆ ನನ್ನದಲ್ಲ, ರಷ್ಯಾದ ಭಾಷಾವಿಜ್ಞಾನಿ ಟ್ರುಬೆಟ್ಸ್ಕೊಯ್ ಅವರದು. ಇಂಗ್ಲಿಷರಿಗೆ ಬಳೆ, ಬಲೆ ಎರಡೂ ಒಂದೇ. ನಾವು ನಗುತ್ತೇವೆ. ಆದರೆ ಇಂಗ್ಲಿಷಿನಲ್ಲಿ ಬನಿಯನ್ನಿಗೆ ಹೇಳುವ ವೆಸ್ಟ್, ಪಶ್ಚಿಮಕ್ಕೆ ಹೇಳುವ ವೆಸ್ಟ್ ಬೇರೆ ಬೇರೆ ಸದ್ದು ಅಂದರೆ ನಮ್ಮಲ್ಲಿ ಬಹುಪಾಲು ಜನ ಪೆಚ್ಚಾಗುತ್ತೇವೆ. ಬರೆಯಲು ನಮಗಿರುವುದೂ ಒಂದೇ "ವ".

ಹುಟ್ಟುವಾಗ ಈ ಜರಡಿ ಇರುವುದಿಲ್ಲ. 1984ರಲ್ಲಿ ಕೆನಡಾದ ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್, ಇಂಗ್ಲಿಷ್ ಮನೆಗಳ ಕೂಸುಗಳಿಗೆ ಹಿಂದಿಯ "ತ" ಮತ್ತು "ಟ" ಕೇಳಿಸಿದರು. ಆರರಿಂದ ಎಂಟು ತಿಂಗಳ ಕೂಸುಗಳು ಎರಡನ್ನೂ ಸುಲಭವಾಗಿ ಬೇರೆ ಮಾಡಿದವು. ವರ್ಷ ತುಂಬುವ ಹೊತ್ತಿಗೆ ಆ ಶಕ್ತಿ ಬಹಳ ಕುಂದಿತ್ತು. ಮನೆಯಲ್ಲಿ ಬೇಡದ ವ್ಯತ್ಯಾಸವನ್ನು ಕಿವಿ ಯಾಕೆ ಹೊತ್ತು ತಿರುಗಬೇಕು?

ಜರಡಿ ಬರೀ ತೆಗೆದುಹಾಕುವುದಿಲ್ಲ, ಇಲ್ಲದ್ದನ್ನು ಸೇರಿಸಿಯೂ ಬಿಡುತ್ತದೆ. ಜಪಾನಿಯವರಿಗೆ "ಎಬ್ಜೊ" ಎಂದು ಕೇಳಿಸಿದರೆ ಅವರಿಗೆ "ಎಬುಜೊ" ಎಂದು ಕೇಳುತ್ತದೆ. 1999ರ ಒಂದು ಪ್ರಯೋಗ ಇದನ್ನು ತೋರಿಸಿತು. ಅವರ ಭಾಷೆಗೆ ಅಂಥ ಒತ್ತಕ್ಷರ ಒಗ್ಗುವುದಿಲ್ಲ, ಹಾಗಾಗಿ ಕಿವಿಯೇ ನಡುವೆ ಒಂದು "ಉ" ತುರುಕುತ್ತದೆ. ನಮ್ಮದೂ ಇದರ ದೂರದ ನೆಂಟಸ್ತಿಕೆಯೇ. ಕನ್ನಡದ ಪದ ಸ್ವರದಲ್ಲಿ ಮುಗಿಯಬೇಕು, ಅದಕ್ಕೇ ಬಸ್ಸು, ಕಾರು, ಟಿಕೆಟ್ಟು. (ಪದಗಳು ಸ್ವರದಲ್ಲಿ ಮುಗಿಯುತ್ತವೆಂದು ತೆಲುಗಿಗೆ "ಪೂರ್ವದ ಇಟಾಲಿಯನ್" ಎಂಬ ಬಿರುದಿದೆ. ಅದೇ ಗುಣವಿದ್ದೂ ಕನ್ನಡಕ್ಕೆ ಯಾಕಿಲ್ಲವೋ!)

ಎಲ್ಲಕ್ಕಿಂತ ಜಾಸ್ತಿ ಮೋಸ ಹೋಗುವುದು ರಾಗದ ವಿಷಯದಲ್ಲಿ. ಮೈಸೂರಿನಿಂದ ಮಡಿಕೇರಿ ರಸ್ತೆ ಹಿಡಿದರೆ ಬೈಲಕುಪ್ಪೆ ಸಿಗುತ್ತದೆ, ಟಿಬೆಟಿನವರ ದೊಡ್ಡ ನೆಲೆ. ಲಾಸಾ ಕಡೆಯ ಟಿಬೆಟನ್ ಮಾತಿನಲ್ಲಿ ದನಿ ಎತ್ತರಿಸಿದರೆ ಒಂದು ಪದ, ತಗ್ಗಿಸಿದರೆ ಇನ್ನೊಂದು ಪದ. ಕನ್ನಡದಲ್ಲಿ ದನಿಯ ಏರಿಳಿತ ಇರುವುದು ಸಿಟ್ಟು, ಅನುಮಾನ, ಪ್ರಶ್ನೆ ತೋರಿಸಲು. ಹಾಗಾಗಿ ಅವರು ಪದ ಹೇಳುತ್ತಿದ್ದರೆ ನಾವು ಅದರಲ್ಲಿ ಮುನಿಸು ಹುಡುಕುತ್ತೇವೆ.

ಅಷ್ಟು ದೂರ ಯಾಕೆ, ಕನ್ನಡದ ಒಳಗೇ ಇದು ನಡೆಯುತ್ತದೆ. ನಮ್ಮ ಮಂಡ್ಯ ಕಡೆ "ಏನ್ಲಾ ಮಗಾ, ಎಲ್ಲೋಗಿದ್ದೆ?" ಅಂದರೆ ಅದು ಅಕ್ಕರೆ. ಧಾರವಾಡದಿಂದ ಬಂದ ಗೆಳೆಯನಿಗೆ ಅಲ್ಲಿ ಜಗಳ ಕೇಳಿಸಿತ್ತು. ಅರ್ಥ ಪೂರ್ತಿ ಆಗಿಯೂ ರಾಗ ಅವನನ್ನು ದಾರಿ ತಪ್ಪಿಸಿತ್ತು.

ಕೆಲವು ಭಾಷೆ ಇಂಪು, ಕೆಲವು ಒರಟು ಅನ್ನುವ ಮಾತನ್ನು ನಾನು ಹೆಚ್ಚು ನಂಬುವುದಿಲ್ಲ. 2023ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 228 ಭಾಷೆಗಳ ಧ್ವನಿ ಕೇಳಿಸಿ, ಎಷ್ಟು ಹಿತವಾಗಿದೆ ಎಂದು ಜನರನ್ನು ಕೇಳಿದರು. ಭಾಷೆಗಳ ನಡುವಿನ ಅಂತರ ತೀರಾ ಸಣ್ಣದು. ಯಾವ ಭಾಷೆಯೆಂದು ತಮಗೆ ಗೊತ್ತು ಅನ್ನಿಸಿದಾಗ ಮಾತ್ರ ಅಂಕ ಎದ್ದು ಕಾಣುವಂತೆ ಏರಿತು. "ಕನ್ನಡ ಕಸ್ತೂರಿ" ಎಂಬ ಸರ್ಟಿಫಿಕೇಟಿಗೆ ಸಹಿ ಹಾಕಿದವರೂ ನಾವೇ ತಾನೆ!

ಇನ್ನು, ಕನ್ನಡ ಬೇರೆಯವರಿಗೆ ಹೇಗೆ ಕೇಳುತ್ತದೆಂದು ಕನ್ನಡಿಗರು ತಿಳಿಯುವುದು ಹೇಗೆ? "ಊಟ" ಎಂಬ ಸದ್ದು ಬಿದ್ದರೆ ಸಾಕು, ಅರ್ಥ ಮುಂದೆ ಬಂದು ನಿಲ್ಲುತ್ತದೆ. ಅದನ್ನು ತಡೆಯಲಾಗುವುದಿಲ್ಲ. ಒಂದು ಉಪಾಯ ಮಾತ್ರ ಇದೆ, ಗೋಡೆಯ ಆಚೆಯ ಮಾತು ಕೇಳುವುದು. ಗೋಡೆ ಮಾತಿನ ಕೀರಲು ಅಂಶವನ್ನು, ಅಂದರೆ ಹೆಚ್ಚು ಕಂಪನದ ಸದ್ದನ್ನು, ತಡೆದು ಕೆಳದನಿಯನ್ನು ಬಿಡುತ್ತದೆ. "ಸ", "ತ", "ಚ" ಅಳಿಸಿಹೋಗಿ ಲಯ, ರಾಗ ಉಳಿಯುತ್ತವೆ. ತಾಯಿಯ ಹೊಟ್ಟೆಯಲ್ಲಿರುವ ಮಗುವಿಗೂ ಹೆಚ್ಚುಕಮ್ಮಿ ಹೀಗೇ ಕೇಳುತ್ತದೆ. ಫ್ರಾನ್ಸಿನಲ್ಲಿ ಹೀಗೆ ಸೋಸಿದ ಮಾತನ್ನು ಆಗತಾನೆ ಹುಟ್ಟಿದ ಕೂಸುಗಳಿಗೆ ಕೇಳಿಸಿದಾಗ, ಲಯ ಬೇರೆಯಾದ ಇಂಗ್ಲಿಷ್ ಮತ್ತು ಜಪಾನಿಯನ್ನು ಅವು ಗುರುತಿಸಿ ಬೇರ್ಪಡಿಸಿದವು. ಪಕ್ಕದ ಮನೆಯವರು ಮಾತಾಡುವಾಗ ಗೋಡೆಯ ಈಚೆ ಕೂತು ಕೇಳಿ. ಏನು ವಿಷಯ ಎಂದು ಮಾತ್ರ ಹುಡುಕಬೇಡಿ.