ಎರಡೂ ನಡೆಯುವುದಾದರೆ ಶೇ 75 ಯಾವುದರ ಲೆಕ್ಕ?

ಮಾನಸಗಂಗೋತ್ರಿಯಲ್ಲಿ ಭೌತಶಾಸ್ತ್ರ ಓದುವವರಿಗೆ ಮಾಲಸ್ ನಿಯಮ ಹೊಸದಲ್ಲ. ಎರಡು ಪೋಲರಾಯ್ಡ್ ಹಾಳೆಗಳನ್ನು ಒಂದರ ಮುಂದೊಂದು ಒಂದೇ ದಿಕ್ಕಿಗೆ ಹಿಡಿದು, ಎರಡನೆಯದನ್ನಷ್ಟೇ 30 ಡಿಗ್ರಿ ತಿರುಗಿಸಿದರೆ, ಮೊದಲನೆಯದನ್ನು ದಾಟಿ ಬಂದ ಬೆಳಕಿನ ಮುಕ್ಕಾಲು ಪಾಲು ಎರಡನೆಯದನ್ನೂ ದಾಟುತ್ತದೆ. ಮೊದಲನೆಯದನ್ನು ದಾಟಿ ಬಂದದ್ದು ಒಂದೇ ಒಂದು ಫೋಟಾನ್, ಅಂದರೆ ಬೆಳಕಿನ ಒಂದೇ ಕಣ, ಆಗಿದ್ದರೆ? ಅದರಲ್ಲಿ ಮುಕ್ಕಾಲು, ಕಾಲು ಎಂಬುದಿಲ್ಲ. ದಾಟಿದರೆ ಇಡಿಯಾಗಿ ದಾಟಬೇಕು, ಇಲ್ಲವೇ ಅಲ್ಲೇ ನಿಲ್ಲಬೇಕು. ದಾಟುವ ಸಂಭವನೀಯತೆ ಶೇ 75.

ಕಣದ ಸ್ಥಿತಿಯನ್ನು ಗಣಿತದಲ್ಲಿ ಹೇಳುವ ತರಂಗ ಫಲನಕ್ಕೂ ಸಂಭವನೀಯತೆಗೂ ಗಂಟು ಹಾಕಿದವರು ಭೌತಶಾಸ್ತ್ರಜ್ಞ ಮ್ಯಾಕ್ಸ್ ಬಾರ್ನ್, 1926ರ ಒಂದು ಲೇಖನದಲ್ಲಿ. ಸಂಭವನೀಯತೆ ಬೇಕಾದರೆ ಆಂಪ್ಲಿಟ್ಯೂಡಿನ (ತರಂಗ ಫಲನ ಪ್ರತಿ ಫಲಿತಾಂಶಕ್ಕೆ ಕೊಡುವ ಸಂಖ್ಯೆಯ) ವರ್ಗವನ್ನು ತೆಗೆದುಕೊಳ್ಳಬೇಕೆಂಬ ಮುಖ್ಯ ಮಾತು, ಅಂದರೆ ಬಾರ್ನ್ ನಿಯಮ, ಆ ಲೇಖನದಲ್ಲಿ ಬಂದದ್ದು ಒಂದು ಅಡಿಟಿಪ್ಪಣಿಯಲ್ಲಿ! ಆ ಕೆಲಸಕ್ಕೆ ನೊಬೆಲ್ ಸಿಕ್ಕಿದ್ದು 1954ರಲ್ಲಿ.

1957ರಲ್ಲಿ ಪ್ರಿನ್ಸ್‌ಟನ್ನಿನ ಹ್ಯೂ ಎವರೆಟ್, ಅಳತೆ ಮಾಡಿದಾಗ ತರಂಗ ಫಲನ ಕುಸಿದು ಒಂದೇ ಫಲಿತಾಂಶ ಉಳಿಯುತ್ತದೆ ಎಂಬ ಕಲ್ಪನೆಯನ್ನೇ ಕೈಬಿಟ್ಟರು. ಅವರ ಪ್ರಕಾರ ಜಗತ್ತೇ ಕವಲೊಡೆಯುತ್ತದೆ: ಒಂದು ಕವಲಿನಲ್ಲಿ ಫೋಟಾನ್ ದಾಟುತ್ತದೆ, ಇನ್ನೊಂದರಲ್ಲಿ ನಿಲ್ಲುತ್ತದೆ, ಎರಡೂ ನಿಜ. ತೊಡಕು ಶುರುವಾಗುವುದೇ ಇಲ್ಲಿ. ಎರಡೂ ನಡೆಯುವುದು ಖಚಿತವಾದರೆ ಶೇ 75 ಯಾವುದರ ಲೆಕ್ಕ? ಕವಲುಗಳನ್ನು ಎಣಿಸಿದರೆ ಅರ್ಧಕ್ಕರ್ಧ ಬರಬೇಕು. ಪ್ರಯೋಗಶಾಲೆ ಅದನ್ನು ಒಪ್ಪುವುದಿಲ್ಲ.

ಎವರೆಟ್‌ಗೆ ಇದು ಗೊತ್ತಿತ್ತು. ಪ್ರತಿ ಕವಲಿಗೂ ಒಂದು ತೂಕ ಕೊಟ್ಟು, ಒಂದು ಕವಲಿನ ತೂಕ ಅದರಿಂದ ಒಡೆಯುವ ಉಪಕವಲುಗಳ ತೂಕಗಳ ಮೊತ್ತಕ್ಕೆ ಸಮನಿರಬೇಕು ಎಂದಾದರೆ, ಆ ತೂಕ ಆಂಪ್ಲಿಟ್ಯೂಡಿನ ವರ್ಗವೇ ಆಗಬೇಕೆಂದು ಅವರು ವಾದಿಸಿದರು. ಪ್ರಯೋಗವನ್ನು ಮತ್ತೆ ಮತ್ತೆ ಮಾಡಿದರೆ ವಿಚಿತ್ರ ಫಲಿತಾಂಶ ಕಂಡ ಕವಲುಗಳ ಒಟ್ಟು ತೂಕ ಸೊನ್ನೆಯತ್ತ ಇಳಿಯುತ್ತದೆ. ಗಣಿತ ಅಚ್ಚುಕಟ್ಟಾಗಿದೆ. ಆದರೆ ತೂಕ ಕಡಿಮೆ ಎಂದಮಾತ್ರಕ್ಕೆ ಆ ಕವಲಿನಲ್ಲಿರುವವರು ಇಲ್ಲವಾಗುತ್ತಾರೆಯೇ? ತೂಕವೆಂದರೆ ಸಂಭವನೀಯತೆ ಎಂದು ಮೊದಲೇ ಒಪ್ಪಿಕೊಂಡವರಿಗೆ ಮಾತ್ರ ಆ ವಾದ ಹಿಡಿಸುತ್ತದೆ. 1959ರಲ್ಲಿ ಎವರೆಟ್ ಕೋಪನ್‌ಹೇಗನ್ನಿಗೆ ಹೋದಾಗ ಕ್ವಾಂಟಂ ಸಿದ್ಧಾಂತದ ಹಿರಿಯ ನೀಲ್ಸ್ ಬೋರ್ ಕೂಡ ಒಲಿಯಲಿಲ್ಲ. 1970ರಲ್ಲಿ ಭೌತಶಾಸ್ತ್ರಜ್ಞ ಬ್ರೈಸ್ ಡಿವಿಟ್ ಬರೆದ ಮೇಲೆಯೇ ಈ ವಿಚಾರ ಹೆಚ್ಚು ಜನರಿಗೆ ತಲುಪಿದ್ದು.

1999ರಲ್ಲಿ ಭೌತಶಾಸ್ತ್ರಜ್ಞ ಡೇವಿಡ್ ಡಾಯ್ಚ್ ಪ್ರಶ್ನೆಯ ದಿಕ್ಕನ್ನೇ ಬದಲಿಸಿದರು. ಚಾಮುಂಡಿ ಬೆಟ್ಟದ ತಪ್ಪಲಿನ ರೇಸ್ ಕೋರ್ಸಿನಲ್ಲಿ ಒಂದೇ ಕುದುರೆ ಗೆಲ್ಲುತ್ತದೆ. ಎವರೆಟ್ ಹೇಳುವ ಜಗತ್ತಿನಲ್ಲಿ ಪ್ರತಿ ಕುದುರೆಯೂ ತನ್ನ ತನ್ನ ಕವಲಿನಲ್ಲಿ ಗೆಲ್ಲುತ್ತದೆ. ಹಾಗಿದ್ದೂ ಬಾಜಿ ಕಟ್ಟುವವನು ಎಷ್ಟು ಹಣ ಯಾವುದಕ್ಕೆ ಎಂದು ತೀರ್ಮಾನಿಸಲೇಬೇಕು. ವಿವೇಕದ ಕೆಲವು ನಿಯಮಗಳನ್ನು ಪಾಲಿಸಿದರೆ ಅವನು ಬಾರ್ನ್ ಹೇಳಿದ ತೂಕಕ್ಕೆ ತಕ್ಕಂತೆಯೇ ಹಣ ಹಂಚುತ್ತಾನೆ ಎಂಬುದು ಡಾಯ್ಚ್ ವಾದ. ತತ್ತ್ವಶಾಸ್ತ್ರಜ್ಞ ಡೇವಿಡ್ ವಾಲೇಸ್ ಅದನ್ನು ಇನ್ನಷ್ಟು ಬಿಗಿಗೊಳಿಸಿದರು: ಗಾಳಿಯ ಒಂದು ಅಣು ಬಡಿದರೂ ಕವಲು ಒಡೆಯಬಹುದು, ಆದ್ದರಿಂದ ಕವಲುಗಳ ಎಣಿಕೆಗೆ ಅರ್ಥವೇ ಇಲ್ಲ. ಎಣಿಕೆಯನ್ನು ಈ ಮಾತು ನಿಜಕ್ಕೂ ಮುಗಿಸುತ್ತದೆ. ಆದರೆ ಬೇರೆ ರೀತಿ ಹಂಚುವವನು ಅವಿವೇಕಿ ಎಂದು ಅದರಿಂದ ಸಾಬೀತಾಗುತ್ತದೆಯೇ? ನನಗೆ ಹಾಗನಿಸುವುದಿಲ್ಲ.

ಇನ್ನೊಬ್ಬ ಭೌತಶಾಸ್ತ್ರಜ್ಞ ಲೆವ್ ವೈಡ್ಮನ್ ಹೇಳುವುದು ಇದಕ್ಕಿಂತ ಸರಳ. ಪ್ರಯೋಗ ನಡೆಯುವಾಗ ನಿದ್ರೆಮಾತ್ರೆ ನುಂಗಿ ಮಲಗಿದವನು ಎಚ್ಚರಗೊಂಡು ಫಲಿತಾಂಶ ನೋಡುವ ಮೊದಲು, ತಾನು ಯಾವ ಕವಲಿನಲ್ಲಿದ್ದೇನೆಂದು ಅರಿಯ. ಅಜ್ಞಾನವೇನೋ ನಿಜವಾದದ್ದೇ, ಆದರೆ ಅದರ ಪ್ರಮಾಣ ಶೇ 75 ಏಕೆ ಎಂಬುದಕ್ಕೆ ಮತ್ತೊಂದು ಊಹೆ ಬೇಕು.

ಕ್ವಾಂಟಂ ಸಿದ್ಧಾಂತವನ್ನು ಬೇರೆ ರೀತಿ ಅರ್ಥೈಸುವ ಉಳಿದ ಪಂಥಗಳೂ ಬಾರ್ನ್ ನಿಯಮವನ್ನು ಬಹುಮಟ್ಟಿಗೆ ಪುರಾವೆಯಿಲ್ಲದೆಯೇ ಒಪ್ಪಿಕೊಂಡಿವೆ, ನಮ್ಮನ್ನಷ್ಟೇ ಏಕೆ ಕೇಳುತ್ತೀರಿ ಎಂಬುದು ಎವರೆಟ್ ಹಾದಿಯ ಬಹುಲೋಕವಾದಿಗಳ ತಕರಾರು. ತಕರಾರು ನ್ಯಾಯವಾದದ್ದೇ. ಆದರೆ ತರಂಗ ಫಲನದ ಸಮೀಕರಣದಿಂದಾಚೆ ಏನನ್ನೂ ಸೇರಿಸುವುದಿಲ್ಲ ಎಂದು ಮೊದಲ ದಿನದಿಂದ ಹೇಳಿಕೊಂಡು ಬಂದವರೂ ಅವರೇ.