ಕೀವಿನ ಬಟ್ಟೆ ಎಸೆಯಬೇಡಿ

ಪಾದದಲ್ಲಿ ನೋವಿಲ್ಲದ ಊತ, ಅದರ ಮೇಲೆ ಒಂದೊಂದಾಗಿ ಬಾಯಿ ಬಿಡುವ ತೂತುಗಳು, ಕೀವಿನ ಜೊತೆ ಗಸಗಸೆಯಂಥ ಕಾಳು (ರೋಗಾಣುಗಳ ಮುದ್ದೆ). ಈ ಮೂರೂ ಕೂಡಿಬಂದರೆ ಮೈಸಿಟೋಮಾ ಎಂದೇ ಯೋಚಿಸಬೇಕು. 1842ರಲ್ಲಿ ಮಧುರೈಯಿಂದ ವರದಿಯಾದ್ದರಿಂದ ಇದಕ್ಕೆ ಮದುರಾ ಪಾದ ಎಂಬ ಹೆಸರೂ ಇದೆ. ಹೊಲದಲ್ಲಿ ಬರಿಗಾಲಿಗೆ ಚುಚ್ಚಿದ ಮುಳ್ಳಿನ ಜೊತೆ ರೋಗಾಣು ಒಳಹೊಕ್ಕು ವರ್ಷಗಟ್ಟಲೆ ಹಬ್ಬುತ್ತದೆ. ನೋಯುವುದಿಲ್ಲವಲ್ಲ, ಕೋಲಾರ, ಚಿಕ್ಕಬಳ್ಳಾಪುರದ ಕಡೆಯ ರೈತರು ಬೆಂಗಳೂರಿನ ಆಸ್ಪತ್ರೆಗೆ ಬರುವ ಹೊತ್ತಿಗೆ ಮೂಳೆಗೂ ಇಳಿದಿರಬಹುದು.

ಕಾಳು ಕಪ್ಪಾಗಿದ್ದರೆ ಬಹುತೇಕ ಶಿಲೀಂಧ್ರ, ಕೆಂಪಾಗಿದ್ದರೆ ಬ್ಯಾಕ್ಟೀರಿಯಾ. ಬಿಳಿ, ಹಳದಿ ಎರಡರಲ್ಲೂ ಬರುತ್ತದೆ, ಅಲ್ಲಿ ಬಣ್ಣ ನಂಬಿ ಔಷಧಿ ಬರೆಯುವಂತಿಲ್ಲ. ಶಿಲೀಂಧ್ರಕ್ಕೆ ತಿಂಗಳುಗಟ್ಟಲೆ ಇಟ್ರಾಕೊನಜೋಲ್, ಜೊತೆಗೆ ಶಸ್ತ್ರಚಿಕಿತ್ಸೆ. ಬ್ಯಾಕ್ಟೀರಿಯಾಕ್ಕೆ ಕೋಟ್ರೈಮಾಕ್ಸಜೋಲ್, ಅಮಿಕಾಸಿನ್. ಅದಲುಬದಲಾದರೆ ಕಾಲಕ್ಕೆ ಕಾಲವೂ ಹೋಯಿತು, ಕಾಲೂ ಹೋಗಬಹುದು.

ಕಾಳು ಕಾಣದಿದ್ದರೆ ರಾತ್ರಿ ಸ್ಟೆರೈಲ್ ಬಟ್ಟೆ ಕಟ್ಟಿ ಬೆಳಿಗ್ಗೆ ಬಿಚ್ಚಿ ನೋಡಿ, ಅಂಟಿಕೊಂಡಿರುತ್ತದೆ. ಎರಡು ಸ್ಲೈಡುಗಳ ನಡುವೆ ಅರೆದು 10–20% ಪೊಟ್ಯಾಶಿಯಂ ಹೈಡ್ರಾಕ್ಸೈಡ್ ಹಾಕಿದರೆ ಶಿಲೀಂಧ್ರದ ದಪ್ಪ ಎಳೆ ಕಾಣುತ್ತದೆ. ಬ್ಯಾಕ್ಟೀರಿಯಾದ ಎಳೆ 1 ಮೈಕ್ರಾನ್‌ನಷ್ಟು ಸಣ್ಣದು, ಅದಕ್ಕೆ ಗ್ರಾಂ ಸ್ಟೇನ್ (ಬ್ಯಾಕ್ಟೀರಿಯಾಕ್ಕೆ ಬಣ್ಣ ಹಿಡಿಸುವ ವಿಧಾನ) ಬೇಕು. ಈ ರೋಗ ತರುವ ಬ್ಯಾಕ್ಟೀರಿಯಾಗಳಲ್ಲೊಂದಾದ ನೊಕಾರ್ಡಿಯಾ ಹುಡುಕುವಾಗ, ಬಣ್ಣ ಹಾಕಿದ ಸ್ಲೈಡ್ ತೊಳೆಯಲು 1% ಗಂಧಕಾಮ್ಲ ಬಳಸಬೇಕು. ಕ್ಷಯದ ಸ್ಲೈಡಿಗೆ ಹಾಕುವ 20% ಹಾಕಿದರೆ ಬಣ್ಣ ತೊಳೆದುಹೋಗಿ ‘ಏನೂ ಇಲ್ಲ’ ಎಂದು ವರದಿ ಬರುತ್ತದೆ.

ಹೆಚ್ಚಿನ ಕೆಲಸ ಕೆಡುವುದು ಮಾತ್ರ ಲ್ಯಾಬ್ ತಲುಪುವ ಮೊದಲೇ. ತೂತಿನ ಬಾಯಿಗೆ ಸ್ವಾಬ್ ಒರೆಸಿದರೆ ಬೆಳೆಯುವುದು ಚರ್ಮದ ಮೇಲಿನ ಬ್ಯಾಕ್ಟೀರಿಯಾ ಸ್ಟೆಫಿಲೊಕಾಕಸ್. ಅದಕ್ಕೊಂದು ಆಂಟಿಬಯಾಟಿಕ್, ಅದು ನಾಟದಿದ್ದರೆ ಇನ್ನೊಂದು. ಆಳದಿಂದ ತೆಗೆದ ಬಯಾಪ್ಸಿ ತುಂಡೇ ಬೇಕು. ಅದನ್ನು ಎರಡು ಮಾಡಿ, ಅರ್ಧ ಫಾರ್ಮಲಿನ್‌ಗೆ (ಸೂಕ್ಷ್ಮದರ್ಶಕದಲ್ಲಿ ನೋಡಲು), ಅರ್ಧ ಸ್ಟೆರೈಲ್ ಸಲೈನ್‌ಗೆ (ಕಲ್ಚರ್‌ಗೆ, ಅಂದರೆ ರೋಗಾಣು ಬೆಳೆಸಿ ನೋಡಲು). ಪೂರ್ತಿ ತುಂಡು ಫಾರ್ಮಲಿನ್‌ಗೆ ಬಿದ್ದರೆ ರೋಗಾಣು ಅಲ್ಲೇ ಸತ್ತಿತು, ಕಲ್ಚರ್ ಆಸೆ ಬಿಡಿ. ಆಪರೇಷನ್ ಥಿಯೇಟರಿನಲ್ಲಿ ಒಂದೇ ಡಬ್ಬಿ ಇಟ್ಟುಕೊಂಡಾಗ ಆಗುವುದೇ ಇದು.

ಲ್ಯಾಬಿಗೆ ಕಳಿಸುವ ಚೀಟಿಯಲ್ಲಿ ಬರೀ ‘ಕಲ್ಚರ್’ ಎಂದರೆ ಪ್ಲೇಟು ಎರಡೇ ದಿನಕ್ಕೆ ಕಸಕ್ಕೆ ಹೋಗಬಹುದು. ನೊಕಾರ್ಡಿಯಾಕ್ಕೆ ಎರಡು-ಮೂರು ವಾರ, ಕಪ್ಪು ಕಾಳಿನ ಶಿಲೀಂಧ್ರಕ್ಕೆ ನಾಲ್ಕರಿಂದ ಆರು ವಾರ ಕಾಯಬೇಕು. ಬೇರೆ ಗಂಟುಗಳಿಗೂ ಇದೇ ಮಾತು: ಲ್ಯಾಪರೊಸ್ಕೋಪಿ (ಸಣ್ಣ ತೂತಿನ ಶಸ್ತ್ರಚಿಕಿತ್ಸೆ) ಗಾಯ ಒಣಗಿ ತಿಂಗಳಾದ ಮೇಲೆ ಗಂಟು ಕಟ್ಟಿದರೆ ಮೈಕೊಬ್ಯಾಕ್ಟೀರಿಯಾ (ಕ್ಷಯದ ರೋಗಾಣುವಿನ ಬಳಗ) ಕಲ್ಚರ್ ಕೇಳಿ. ಮೀನಿನ ತೊಟ್ಟಿ ತೊಳೆಯುವವರ ಬೆರಳಿನ ಗಂಟಿಗೆ ಕಾರಣವಾಗಬಲ್ಲ ಮೈಕೊಬ್ಯಾಕ್ಟೀರಿಯಂ ಮರೀನಂ 37 ಡಿಗ್ರಿಯಲ್ಲಿ ಸರಿಯಾಗಿ ಬೆಳೆಯುವುದಿಲ್ಲ, 30 ಡಿಗ್ರಿ ಬೇಕು. ಮನೆಯಲ್ಲಿ ಅಕ್ವೇರಿಯಂ ಇದೆಯಾ ಎಂದು ಕೇಳಿ, ಉತ್ತರವನ್ನು ಚೀಟಿಯಲ್ಲಿ ಬರೆದು ಕಳಿಸಿ.