ಬೀಟಾ ಬ್ಲಾಕರ್, ಡೈಯುರೆಟಿಕ್: ಬಿಪಿ ಚೀಟಿಯಲ್ಲಿ ಕಾಣುವ ಎರಡು ಹೆಸರು

ಮನೆಯಲ್ಲಿ ಯಾರಾದರೂ ಬಿಪಿಗೆ ಮಾತ್ರೆ ತಗೊಳ್ತಾ ಇದ್ದರೆ ಆ ಸ್ಟ್ರಿಪ್ ಒಮ್ಮೆ ತಿರುಗಿಸಿ ನೋಡಿ. ಕಂಪನಿ ಇಟ್ಟ ಹೆಸರಿನ ಹತ್ತಿರವೇ ಸಣ್ಣ ಅಕ್ಷರದಲ್ಲಿ ಔಷಧಿಯ ನಿಜವಾದ ಹೆಸರು ಇರುತ್ತದೆ. ಅಟೆನೊಲಾಲ್, ಮೆಟೊಪ್ರೊಲಾಲ್, ಬಿಸೊಪ್ರೊಲಾಲ್ ಎಂದಿದ್ದರೆ ಅದು ಬೀಟಾ ಬ್ಲಾಕರ್. ಹೈಡ್ರೊಕ್ಲೋರೊಥಯಾಜೈಡ್, ಕ್ಲೋರ್‌ಥಾಲಿಡೋನ್ ಎಂದಿದ್ದರೆ ಡೈಯುರೆಟಿಕ್. ಬ್ರ್ಯಾಂಡ್ ಹೆಸರಿನ ಕೊನೆಗೆ ‘ಎಚ್’ ಅಂಟಿಕೊಂಡಿದ್ದರೆ, ಬೇರೊಂದು ಔಷಧಿಯ ಜೊತೆ ಹೈಡ್ರೊಕ್ಲೋರೊಥಯಾಜೈಡ್ ಸೇರಿಸಿರುವುದೇ ಜಾಸ್ತಿ. ಎರಡೂ ಬಿಪಿ ಇಳಿಸುತ್ತವೆ, ದಾರಿ ಮಾತ್ರ ಬೇರೆ ಬೇರೆ.

ಗಾಬರಿಯಾದಾಗ ಎದೆ ಡವಡವ ಅನ್ನುತ್ತದಲ್ವಾ? ಅದು ಅಡ್ರಿನಲಿನ್ ಎಂಬ ಹಾರ್ಮೋನಿನ ಕೆಲಸ. ಹೃದಯದಲ್ಲಿ ಅದು ಕೂರಲೆಂದೇ ಇರುವ ಜಾಗಗಳಾದ ಬೀಟಾ ರಿಸೆಪ್ಟರ್‌ಗಳಿಗೆ ಹೋಗಿ ಕೂತು, ಬಡಿತದ ವೇಗ ಮತ್ತು ಜೋರು ಎರಡನ್ನೂ ಏರಿಸುತ್ತದೆ. ಬೀಟಾ ಬ್ಲಾಕರ್ ಆ ಜಾಗವನ್ನು ಮೊದಲೇ ಹಿಡಿದು ಕೂರುತ್ತದೆ. ಹೃದಯ ನಿಧಾನವಾಗುತ್ತದೆ. ಕಿಡ್ನಿಯಿಂದ ಬರುವ, ಬಿಪಿ ಏರಿಸುವ ರೆನಿನ್ ಕೂಡ ತಗ್ಗುತ್ತದೆ. 1960ರ ದಶಕದಲ್ಲಿ ಸ್ಕಾಟ್ಲೆಂಡಿನ ಜೇಮ್ಸ್ ಬ್ಲ್ಯಾಕ್ ಪ್ರೊಪ್ರನೊಲಾಲ್ ಎಂಬ ಬೀಟಾ ಬ್ಲಾಕರ್ ರೂಪಿಸಿದ್ದು ಹೃದಯದ ಎದೆನೋವಿಗಾಗಿ. ಅದು ಬಿಪಿಯನ್ನೂ ಇಳಿಸುತ್ತದೆ ಅನ್ನೋದು ಆಮೇಲೆ ತಿಳಿಯಿತು. 1988ರಲ್ಲಿ ಅವರಿಗೆ ನೊಬೆಲ್ ಬಂತು.

ಈಗ ಬರೀ ಬಿಪಿ ಇರುವವರಿಗೆ ಸಾಮಾನ್ಯವಾಗಿ ಬೀಟಾ ಬ್ಲಾಕರ್‌ನಿಂದ ಶುರು ಮಾಡುವುದಿಲ್ಲ. 2002ರಲ್ಲಿ ಬಂದ ‘ಲೈಫ್’ ಎಂಬ ಅಧ್ಯಯನದಲ್ಲಿ ಅಟೆನೊಲಾಲ್ ಮತ್ತು ಬೇರೆ ಗುಂಪಿನ ಬಿಪಿ ಮಾತ್ರೆಯಾದ ಲೊಸಾರ್ಟಾನ್ ಬಿಪಿಯನ್ನು ಹೆಚ್ಚುಕಡಿಮೆ ಒಂದೇ ಮಟ್ಟಕ್ಕೆ ಇಳಿಸಿದವು. ಆದರೂ ಲೊಸಾರ್ಟಾನ್ ತಗೊಂಡವರಲ್ಲಿ ಪಾರ್ಶ್ವವಾಯು ಕಡಿಮೆ ಇತ್ತು. ಹಾಗಂತ ಇದು ಹಳೇ ಕಾಲದ ಮಾತ್ರೆ ಎಂದು ತಳ್ಳಿಹಾಕಬೇಡಿ. ಹಾರ್ಟ್ ಅಟ್ಯಾಕ್ ಆಗಿದ್ದವರಿಗೆ, ಹೃದಯದ ಬಲ ಕುಗ್ಗಿದವರಿಗೆ, ಬಡಿತ ತಾಳ ತಪ್ಪಿ ಓಡುವವರಿಗೆ ಇದು ಬಹಳ ಬೇಕಾದ ಔಷಧಿ.

ಒಂದು ಮಾತು ಮಾತ್ರ ಒತ್ತಿ ಹೇಳಬೇಕು. ಬಿಪಿ ನಾರ್ಮಲ್ ಬಂತು ಅಂತ ಬೀಟಾ ಬ್ಲಾಕರನ್ನು ಒಮ್ಮೆಲೇ ನಿಲ್ಲಿಸಬಾರದು. ಇಷ್ಟು ದಿನ ತಡೆದಿಟ್ಟ ಅಡ್ರಿನಲಿನ್‌ಗೆ ದಾರಿ ಪೂರ್ತಿ ತೆರೆದಂತಾಗಿ ಬಡಿತ, ಬಿಪಿ ಎರಡೂ ಏರಬಹುದು. ಹೃದ್ರೋಗಿಗಳಲ್ಲಿ ಅಟ್ಯಾಕ್‌ವರೆಗೂ ಹೋಗಬಹುದು. ಬಿಡಲೇಬೇಕಿದ್ದರೆ ಡಾಕ್ಟರೇ ಡೋಸ್ ಇಳಿಸುತ್ತಾ ಬರುತ್ತಾರೆ. ಆಸ್ತಮಾ ಇದ್ದರೆ ಮೊದಲೇ ಹೇಳಿ, ಕೆಲವು ಬೀಟಾ ಬ್ಲಾಕರ್‌ಗಳು ಉಸಿರಿನ ನಾಳ ಬಿಗಿಯುತ್ತವೆ. ಇನ್ಸುಲಿನ್ ತಗೊಳ್ಳುವವರಿಗೆ ಶುಗರ್ ತೀರಾ ಇಳಿದಾಗ ಬರುವ ನಡುಕ, ಎದೆಬಡಿತ ಗೊತ್ತಾಗದೇ ಹೋಗಬಹುದು. ಬೆವರು ಮಾತ್ರ ಬರುತ್ತದೆ, ಅದನ್ನು ಗಮನಿಸಿ.

ಇನ್ನು ಡೈಯುರೆಟಿಕ್. ಜನ ಇದನ್ನು ನೀರಿನ ಮಾತ್ರೆ ಅಂತಾರೆ. ಕಿಡ್ನಿ ವಾಪಸ್ ಹೀರಿಕೊಳ್ಳಬೇಕಿದ್ದ ಉಪ್ಪನ್ನು ಇದು ಮೂತ್ರಕ್ಕೆ ಬಿಡುತ್ತದೆ, ಉಪ್ಪಿನ ಹಿಂದೆ ನೀರೂ ಹೋಗುತ್ತದೆ. ಕೆಲವು ವಾರಗಳಲ್ಲಿ ಮೂತ್ರದ ಓಡಾಟ ಮೊದಲಿನಂತಾಗುತ್ತದೆ. ಮಾತ್ರೆ ಕೆಲಸ ನಿಲ್ಲಿಸಿತು ಅಂದುಕೊಳ್ಳಬೇಡಿ. ಅಷ್ಟರಲ್ಲಿ ರಕ್ತನಾಳಗಳು ಸಡಿಲಗೊಂಡಿರುತ್ತವೆ, ಬಿಪಿ ಇಳಿದೇ ಇರುತ್ತದೆ. ಡೋಸ್ ಕೂಡ ಚಿಕ್ಕದು, ಸಾಮಾನ್ಯವಾಗಿ 12.5ರಿಂದ 25 ಮಿಲಿಗ್ರಾಂ. ಕಾಲು ಊತಕ್ಕೆ ಕೊಡುವ ಫ್ಯುರೊಸೆಮೈಡ್ ಬೇರೆ ಜಾತಿಯದು. ಅದು ನೀರನ್ನು ಬೇಗ ಇಳಿಸುತ್ತದೆ, ಬರೀ ಬಿಪಿಗೆ ಅಷ್ಟು ಒಳ್ಳೆಯ ಆಯ್ಕೆಯಲ್ಲ.

ಅಗ್ಗದ ಮಾತ್ರೆ ಅಂದರೆ ನಮಗೆ ಅನುಮಾನ. ಆದರೆ 33,000ಕ್ಕೂ ಹೆಚ್ಚು ಜನರ ಮೇಲೆ ನಡೆದು 2002ರಲ್ಲಿ ಫಲಿತಾಂಶ ಬಂದ ‘ಆಲ್‌ಹ್ಯಾಟ್’ ಅಧ್ಯಯನದಲ್ಲಿ, ಹಾರ್ಟ್ ಅಟ್ಯಾಕ್ ತಡೆಯುವುದರಲ್ಲಿ ಹಳೆಯ ಕ್ಲೋರ್‌ಥಾಲಿಡೋನ್ ತನಗಿಂತ ದುಬಾರಿಯಾದ ಹೊಸ ಮಾತ್ರೆಗಳಿಗೆ ಸರಿಸಮನಾಗಿ ನಿಂತಿತು. ನನಗೆ ಈ ಮಾತ್ರೆಯ ಬಗ್ಗೆ ಗೌರವ ಇರುವುದು ಇದಕ್ಕೇ.

ತೊಂದರೆಗಳೂ ಇವೆ. ಪೊಟ್ಯಾಸಿಯಂ, ಸೋಡಿಯಂ ಇಳಿಯಬಹುದು. ವಯಸ್ಸಾದವರು ಇದ್ದಕ್ಕಿದ್ದಂತೆ ಮಂಕಾದರೆ, ತೂರಾಡಿದರೆ ರಕ್ತದಲ್ಲಿ ಸೋಡಿಯಂ ನೋಡಿಸಬೇಕು. ಯೂರಿಕ್ ಆಸಿಡ್ ಏರಿ ಕಾಲಿನ ಹೆಬ್ಬೆರಳು ಊದಬಹುದು. ಬೀಟಾ ಬ್ಲಾಕರ್ ಜೊತೆ ಸೇರಿದರೆ ಶುಗರ್ ಬರುವ ಸಾಧ್ಯತೆ ಇನ್ನಷ್ಟು ಹೆಚ್ಚು. ಹಾಗಾಗಿ ಸಕ್ಕರೆ ಕಾಯಿಲೆಯ ಅಂಚಿನಲ್ಲಿರುವವರಿಗೆ ಈ ಜೋಡಿಯನ್ನು ಡಾಕ್ಟರು ಯೋಚಿಸಿಯೇ ಬರೆಯುತ್ತಾರೆ.

ಮಂಡಿನೋವಿಗೆ ಅಂತ ಮೆಡಿಕಲ್ ಶಾಪಿನಲ್ಲಿ ಸುಮ್ನೆ ಕೇಳಿ ತರುವ ಡೈಕ್ಲೊಫಿನಾಕ್, ಐಬುಪ್ರೊಫೆನ್ ಇವೆಯಲ್ಲ, ಅವು ದೇಹದಲ್ಲಿ ಉಪ್ಪು ಹಿಡಿದಿಟ್ಟು ಡೈಯುರೆಟಿಕ್ ಮಾಡಿದ್ದನ್ನು ಕೆಡಿಸುತ್ತವೆ, ಕಿಡ್ನಿಗೂ ಹೊರೆ ಹಾಕುತ್ತವೆ. ನೋವಿನ ಮಾತ್ರೆ ಕೇಳುವ ಮೊದಲು ಬಿಪಿ ಸ್ಟ್ರಿಪ್ ತೋರಿಸಿ.